ಈವರೆಗಿನ ಮಾರಾಟ: ಹಿಂದಿನ ಸಾಲಿನೊಡನೆ ತಾಳೆ ಹಾಕುವ ಮುನ್ನ

2025ರ ಏಪ್ರಿಲ್ 30ರ ಸಂಜೆ ರಾಯಚೂರು ನಗರದ ಒಂದು ಜವಳಿ ಅಂಗಡಿಯಲ್ಲಿ ದಿನದ ಲೆಕ್ಕ ಮುಗಿಯಿತೆಂದು ಭಾವಿಸೋಣ. ಮಾಲೀಕರ ಮಗ ಶ್ರಮವಹಿಸಿ ಸಿದ್ಧಪಡಿಸಿದ ಡ್ಯಾಷ್‌ಬೋರ್ಡಿನಲ್ಲಿ ಏಪ್ರಿಲ್ 1ರಿಂದ ಅಂದಿನವರೆಗಿನ ಮಾರಾಟ 26 ಲಕ್ಷ ರೂಪಾಯಿ ಎಂದಿದೆ. ಪಕ್ಕದಲ್ಲಿ ಹಿಂದಿನ ಸಾಲಿನ ಇದೇ ಅವಧಿಯ ಮಾರಾಟ 42 ಲಕ್ಷ ರೂಪಾಯಿ. ಕೆಳಗೆ ಒಂದು ಕೆಂಪು ಬಾಣ, ಶೇ. 38ರಷ್ಟು ಇಳಿಕೆ. ಮದುವೆ ಹಂಗಾಮಿಗೆಂದು ಸೂರತ್ತಿಗೆ ಬರೆದಿದ್ದ ಬೇಡಿಕೆಯನ್ನು ಅರ್ಧಕ್ಕೆ ಇಳಿಸುವುದೇ, ಅಂಗಡಿಯ ಇಬ್ಬರು ಹುಡುಗರನ್ನು ಬಿಡಿಸುವುದೇ ಎಂಬ ಮಾತು ಆ ರಾತ್ರಿಯೇ ಮನೆಯಲ್ಲಿ ಆರಂಭವಾಗುತ್ತದೆ.

ಅಂಕಿಗಳು ಉದಾಹರಣೆಗಾಗಿ ಕೊಟ್ಟವು. ಆದರೆ ಅವುಗಳ ಹಿಂದಿರುವ ದಿನಾಂಕಗಳು ವಾಸ್ತವವಾದವು. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದಿತು, ರಂಜಾನ್ ಹಬ್ಬ ಏಪ್ರಿಲ್ 11ರಂದು. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ರಂಜಾನ್ ಹಬ್ಬ ಮಾರ್ಚ್ 31ರಂದು ಬಂದವು. ಅಂದರೆ 2024ರ ಏಪ್ರಿಲ್ ತಿಂಗಳಿನೊಳಗೆ ಎರಡೂ ಹಬ್ಬಗಳ ಬಟ್ಟೆಯ ಮಾರಾಟ ಸೇರಿತ್ತು. 2025ರ ಏಪ್ರಿಲ್‌ನಲ್ಲಿ ಒಂದೂ ಇರಲಿಲ್ಲ. ಆ ಮಾರಾಟ ಕಳೆದುಹೋಗಿರಲಿಲ್ಲ. ಮಾರ್ಚ್ ತಿಂಗಳಲ್ಲೇ ನಡೆದು, ಮುಗಿದ ಸಾಲಿನ ಖಾತೆಯಲ್ಲಿ ಕುಳಿತಿತ್ತು.

ಇದೇ ಅಂಗಡಿಯ ಲೆಕ್ಕವನ್ನು ಯುಗಾದಿಯನ್ನು ಮಧ್ಯದಲ್ಲಿಟ್ಟುಕೊಂಡು ಮತ್ತೊಮ್ಮೆ ತೆಗೆದರೆ ಚಿತ್ರ ಬೇರೆಯಾಗುತ್ತದೆ. ಹಬ್ಬಕ್ಕೆ 45 ದಿನ ಮೊದಲಿನಿಂದ ಹಬ್ಬದ ನಂತರದ 21 ದಿನಗಳವರೆಗೆ ಎಂದು ಅವಧಿಯನ್ನು ನಿಗದಿಪಡಿಸಿದರೆ, 2024ರಲ್ಲಿ ಅದು ಫೆಬ್ರವರಿ 24ರಿಂದ ಏಪ್ರಿಲ್ 30ರವರೆಗೆ, 2025ರಲ್ಲಿ ಫೆಬ್ರವರಿ 13ರಿಂದ ಏಪ್ರಿಲ್ 20ರವರೆಗೆ ಆಗುತ್ತದೆ. ಎರಡರಲ್ಲೂ ದಿನಗಳು 67. ಮೊದಲಿನ ಅವಧಿಯಲ್ಲಿ 71 ಲಕ್ಷ ಹಾಗೂ ಎರಡನೆಯದರಲ್ಲಿ 74 ಲಕ್ಷ ಮಾರಾಟವಾಗಿದ್ದರೆ ಅದು ಶೇ. 4ಕ್ಕೆ ತುಸು ಮೇಲ್ಪಟ್ಟ ಏರಿಕೆ. ಹುಡುಗರನ್ನು ಬಿಡಿಸುವ ಪ್ರಶ್ನೆಯೇ ಇಲ್ಲ.

ಡ್ಯಾಷ್‌ಬೋರ್ಡ್ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ಪ್ರಶ್ನೆ ಕೇಳಿದ ರೀತಿಯಲ್ಲಿ ದೋಷವಿತ್ತು. ವರ್ಷಾರಂಭದಿಂದ ಈವರೆಗಿನ ಮಾರಾಟವನ್ನು ಹಿಂದಿನ ಸಾಲಿನೊಡನೆ ಹೋಲಿಸುವುದೆಂದರೆ ಎರಡು ಓಟಗಾರರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಅಳೆಯುವುದು. ಆ ಗೆರೆ ಎಲ್ಲಿದೆ ಎಂಬುದನ್ನು ಪಂಚಾಂಗ, ಕಾಲುವೆಯ ನೀರು, ಮಾರುಕಟ್ಟೆಯ ಆವಕ ಇವುಗಳೂ ನಿರ್ಧರಿಸುತ್ತವೆ. ಕ್ಯಾಲೆಂಡರಿನ ದಿನಾಂಕ ಒಂದೇ ಸಾಲದು.

ಯುಗಾದಿ ಇಲ್ಲದ ವರ್ಷ, ಎರಡು ಯುಗಾದಿಯ ವರ್ಷ

ಚಾಂದ್ರಮಾನ ವರ್ಷದಲ್ಲಿ ಸುಮಾರು 354 ದಿನಗಳಿರುವುದರಿಂದ ಹಬ್ಬಗಳು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಎರಡು ಮೂರು ವರ್ಷಗಳಿಗೊಮ್ಮೆ ಅಧಿಕ ಮಾಸ ಬಂದು ಅವುಗಳನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಯುಗಾದಿಯು ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದ ನಡುವೆ ಓಲಾಡುವ ಹಬ್ಬ. ಹಣಕಾಸು ವರ್ಷದ ಗಡಿಯೂ ಅಲ್ಲಿಯೇ ಇದೆ. ಇದರ ಫಲವನ್ನು ಇತ್ತೀಚಿನ ಸಾಲುಗಳಲ್ಲಿ ನೋಡಬಹುದು.

2019-20: ಎರಡು ಯುಗಾದಿ (2019ರ ಏಪ್ರಿಲ್ 6, 2020ರ ಮಾರ್ಚ್ 25)
2020-21: ಯುಗಾದಿ ಇಲ್ಲ
2021-22: ಒಂದು (2021ರ ಏಪ್ರಿಲ್ 13)
2022-23: ಎರಡು (2022ರ ಏಪ್ರಿಲ್ 2, 2023ರ ಮಾರ್ಚ್ 22)
2023-24: ಇಲ್ಲ
2024-25: ಎರಡು (2024ರ ಏಪ್ರಿಲ್ 9, 2025ರ ಮಾರ್ಚ್ 30)
2025-26: ಒಂದು (2026ರ ಮಾರ್ಚ್ 19)

2023-24ರಿಂದ 2024-25ಕ್ಕೆ ಜವಳಿ, ಪಾದರಕ್ಷೆ, ಗೃಹೋಪಯೋಗಿ ವಸ್ತುಗಳ ಅಂಗಡಿಗಳಲ್ಲಿ ಕಂಡ ಏರಿಕೆಯಲ್ಲಿ ಎಷ್ಟು ಪಾಲು ನಿಜವಾದ ಬೆಳವಣಿಗೆ, ಎಷ್ಟು ಪಾಲು ಹೆಚ್ಚುವರಿ ಎರಡು ಯುಗಾದಿಗಳದ್ದು ಎಂಬುದನ್ನು ಬಿಡಿಸಿ ನೋಡದೆ ಮುಂದಿನ ಸಾಲಿಗೆ ಗುರಿ ನಿಗದಿಪಡಿಸಿದವರು ತಮ್ಮ ಗುಮಾಸ್ತರಿಗೆ ಅನ್ಯಾಯ ಮಾಡಿದಂತೆಯೇ ಸರಿ. 2020ರ ಯುಗಾದಿಯಂತೂ ಲೆಕ್ಕಕ್ಕೆ ಮಾತ್ರ ಹಬ್ಬ. ಅಂದೇ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತ್ತು.

ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸದ ಹೊಂದಾಣಿಕೆ ಇಲ್ಲವಾದ್ದರಿಂದ ರಂಜಾನ್ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಲೇ ಹೋಗುತ್ತದೆ. ರಾಯಚೂರಿನಂತಹ ಪೇಟೆಯಲ್ಲಿ ಎರಡೂ ಪಂಚಾಂಗಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಜವಳಿಯ ಲೆಕ್ಕ ಕೂಡಿಬರುವುದಿಲ್ಲ. ಚಿನ್ನಬೆಳ್ಳಿ ವರ್ತಕರಿಗೆ ಅಕ್ಷಯ ತೃತೀಯ ಇದೇ ಆಟವನ್ನು ಎದುರುಬದಿಯಿಂದ ಆಡುತ್ತದೆ: 2024ರಲ್ಲಿ ಅದು ಮೇ 10ರಂದು, 2025ರಲ್ಲಿ ಏಪ್ರಿಲ್ 30ರಂದು. ಆ ದಿನ ಜವಳಿ ಅಂಗಡಿಯ ಪರದೆಯಲ್ಲಿ ಕೆಂಪು ಬಾಣವಿದ್ದರೆ ಆಭರಣದ ಅಂಗಡಿಯಲ್ಲಿ ಹಸಿರು ಬಾಣ, ಎರಡಕ್ಕೂ ಅರ್ಥವಿಲ್ಲ. ಇನ್ನು ಅಧಿಕ ಮಾಸದಲ್ಲಿ ಮದುವೆಗಳು ನಡೆಯುವುದಿಲ್ಲ. 2023ರಲ್ಲಿ ಅದು ಶ್ರಾವಣಕ್ಕೆ ಬಿದ್ದು ಜುಲೈ 18ರಿಂದ ಆಗಸ್ಟ್ 16ರವರೆಗೆ ಇತ್ತು. 2026ರಲ್ಲಿ ಜ್ಯೇಷ್ಠಕ್ಕೆ ಬಿದ್ದು ಮೇ 17ರಿಂದ ಜೂನ್ 15ರವರೆಗೆ, ಅಂದರೆ ಮದುವೆ ಹಂಗಾಮಿನ ನಟ್ಟನಡುವೆ. 2026ರ ಜೂನ್ 15ಕ್ಕೆ ತೆಗೆದ ಹೋಲಿಕೆಯನ್ನು ಈ ಅಂಶ ತಿಳಿಯದೆ ಓದಬಾರದು.

ಎರಡೂ ಕಡೆ ಒಂದೇ ದಿನಕ್ಕೆ ನಿಲ್ಲಿಸುವುದು

ಹಬ್ಬದ ಮಾತು ಹಾಗಿರಲಿ, ಅದಕ್ಕಿಂತ ಸರಳವಾದ ದೋಷವೇ ಹೆಚ್ಚು ಕಡೆ ಕಾಣುತ್ತದೆ. ಪ್ರಸಕ್ತ ಸಾಲಿನದು ಅರ್ಧ ತಿಂಗಳು, ಹಿಂದಿನ ಸಾಲಿನದು ಪೂರ್ತಿ ತಿಂಗಳು. ಮಾನ್ವಿಯ ರಸಗೊಬ್ಬರ ವರ್ತಕರೊಬ್ಬರು ಜುಲೈ 18ರಂದು ಲೆಕ್ಕ ತೆಗೆಯುತ್ತಾರೆ ಎಂದುಕೊಳ್ಳೋಣ. ಏಪ್ರಿಲ್ 1ರಿಂದ ಈವರೆಗೆ 1.12 ಕೋಟಿ ರೂಪಾಯಿ ಮಾರಾಟ. ತಿಂಗಳವಾರು ಪಟ್ಟಿಯಿಂದ ಹಿಂದಿನ ಸಾಲಿನ ಏಪ್ರಿಲ್‌ನಿಂದ ಜುಲೈವರೆಗಿನ ಮೊತ್ತ ತೆಗೆದರೆ 1.47 ಕೋಟಿ. ಇಳಿಕೆ ಶೇ. 23.8. ಆದರೆ ಹಿಂದಿನ ಸಾಲಿನ ಜುಲೈ 18ರವರೆಗಿನ ಮಾರಾಟ ಕೇವಲ 1.04 ಕೋಟಿ ಇದ್ದರೆ? ಆಗ ಇದು ಶೇ. 7.7ರ ಏರಿಕೆ. ಉಳಿದ 43 ಲಕ್ಷ ಕೊನೆಯ 13 ದಿನಗಳಲ್ಲಿ ಮಾರಾಟವಾದದ್ದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಭತ್ತದ ನಾಟಿ ಆರಂಭವಾದ ಮೇಲೆ ಯೂರಿಯಾ, ಡಿ.ಎ.ಪಿ. ಎಷ್ಟು ವೇಗದಲ್ಲಿ ಹೋಗುತ್ತವೆ ಎಂಬುದನ್ನು ಮಾನ್ವಿಯ ವರ್ತಕರಿಗೆ ಹೇಳಬೇಕಾಗಿಲ್ಲ. ಕೆಂಪು ಬಾಣವನ್ನು ನಂಬಿ ಆ ಹೊತ್ತಿಗೆ ಲೋಡು ತರಿಸದೆ ಕುಳಿತವರ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹಾಗೆ ಹೋದವನು ವರ್ಷದ ಬಾಕಿ ತೀರಿಸಲೂ ಬೇಗ ಬರುವುದಿಲ್ಲ.

ಕಾಲುವೆಗೆ ನೀರು ಬಿಡುವ ದಿನವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೊನೆಯ ಭಾಗದ ಹಳ್ಳಿಗಳಿಗೆ ಆ ನೀರು ತಲುಪುವುದು ಇನ್ನೂ ತಡ. ಆದ್ದರಿಂದ ಗೊಬ್ಬರ, ಬೀಜ, ಕ್ರಿಮಿನಾಶಕದ ವ್ಯಾಪಾರಿಗಳು ದಿನಾಂಕದ ಹೋಲಿಕೆಯ ಜೊತೆಗೆ 'ನೀರು ಬಿಟ್ಟ ದಿನದಿಂದ ಇಷ್ಟನೆಯ ದಿನದವರೆಗೆ' ಎಂಬ ಎರಡನೆಯ ಹೋಲಿಕೆಯನ್ನೂ ಇಟ್ಟುಕೊಳ್ಳುವುದು ಲೇಸು. ಇದಕ್ಕೆ ಬೇಕಾಗುವುದು ಪ್ರತಿ ವರ್ಷಕ್ಕೆ ಒಂದು ದಿನಾಂಕ ಮಾತ್ರ.

ಎಕ್ಸೆಲ್‌ನಲ್ಲಿ ಲೆಕ್ಕವಿಡುವವರು ಒಂದು ಕೋಶದಲ್ಲಿ ಅಂತಿಮ ದಿನಾಂಕವನ್ನು ನಮೂದಿಸಿ, ಉಳಿದೆಲ್ಲ ಸೂತ್ರಗಳೂ ಅದನ್ನೇ ಆಧರಿಸುವಂತೆ ಮಾಡಬೇಕು. ಎರಡು ದಿನಾಂಕಗಳ ನಡುವಿನ ಬಿಲ್ಲುಗಳನ್ನು ಕೂಡಿಸಲು ಸಮ್‌ಇಫ್ಸ್ ಸೂತ್ರ, ಹಿಂದಿನ ಸಾಲಿನ ಅಂತಿಮ ದಿನಾಂಕವನ್ನು ಪಡೆಯಲು 12 ತಿಂಗಳು ಹಿಂದಕ್ಕೆ ಹೋಗುವ ಇಡೇಟ್ ಸೂತ್ರ ಸಾಕಾಗುತ್ತವೆ. ಇಲ್ಲಿ ಒಂದು ಸಣ್ಣ ಬಲೆಯಿದೆ. ಬಿಲ್ಲಿಂಗ್ ತಂತ್ರಾಂಶದಿಂದ ತೆಗೆದ ಪಟ್ಟಿಯಲ್ಲಿ ದಿನಾಂಕದ ಜೊತೆ ಗಂಟೆ ನಿಮಿಷಗಳೂ ಇದ್ದರೆ, 'ಸೆಪ್ಟೆಂಬರ್ 30 ಅಥವಾ ಅದಕ್ಕೂ ಮುಂಚೆ' ಎಂಬ ಷರತ್ತಿಗೆ 30ರ ಬೆಳಿಗ್ಗೆ ಹತ್ತು ಗಂಟೆಯ ಬಿಲ್ಲು ಒಳಪಡುವುದಿಲ್ಲ. ಎಕ್ಸೆಲ್ ದೃಷ್ಟಿಯಲ್ಲಿ ಸೆಪ್ಟೆಂಬರ್ 30 ಎಂದರೆ ಅಂದಿನ ಮಧ್ಯರಾತ್ರಿಯ ಆರಂಭ. 'ಅಕ್ಟೋಬರ್ 1ಕ್ಕಿಂತ ಮುಂಚೆ' ಎಂದು ಬರೆದರೆ ಇಡೀ ದಿನದ ಬಿಲ್ಲುಗಳು ಸೇರುತ್ತವೆ. ಪವರ್ ಬಿಐ ಬಳಸುವವರು ಎರಡು ಸಂಗತಿ ನೋಡಿಕೊಳ್ಳಬೇಕು. ಅದರ ಟೋಟಲ್‌ವೈಟಿಡಿ ಸೂತ್ರಕ್ಕೆ ವರ್ಷಾಂತ್ಯ ಮಾರ್ಚ್ 31 ಎಂದು ಪ್ರತ್ಯೇಕವಾಗಿ ತಿಳಿಸದಿದ್ದರೆ ಅದು ಜನವರಿ 1ರಿಂದಲೇ ಎಣಿಸುತ್ತದೆ. ಮತ್ತು ದಿನಾಂಕಗಳ ಪಟ್ಟಿಯು ಮುಂದಿನ ಮಾರ್ಚ್‌ವರೆಗೂ ಚಾಚಿಕೊಂಡಿದ್ದರೆ, ಹಿಂದಿನ ಸಾಲಿನ ಕಾಲಂನಲ್ಲಿ ಇಡೀ ವರ್ಷದ ಮೊತ್ತ ಬಂದು ಕುಳಿತುಕೊಳ್ಳುತ್ತದೆ. ಪ್ರಸಕ್ತ ಸಾಲಿನದು ಮಾತ್ರ ಈವರೆಗಿನದು. ಮಾನ್ವಿಯ ವರ್ತಕರ ದೋಷವೇ ಇಲ್ಲಿ ಹೊಸ ಉಡುಪಿನಲ್ಲಿ ಬಂದಿರುತ್ತದೆ.

ಅಂತಿಮ ದಿನಾಂಕ ಎಂದರೆ ಇಂದಿನ ದಿನಾಂಕವಲ್ಲ. ರಾಯಚೂರಿನಲ್ಲಿ ಮುಖ್ಯ ಅಂಗಡಿ, ದೇವದುರ್ಗ ಮತ್ತು ಮಾನ್ವಿಯಲ್ಲಿ ಶಾಖೆಗಳಿದ್ದು, ಮಾನ್ವಿಯ ಬಿಲ್ಲುಗಳು ಮೂರು ದಿನ ತಡವಾಗಿ ನಮೂದಾಗುತ್ತವೆಯಾದರೆ, ಲೆಕ್ಕವನ್ನು ಮಾನ್ವಿಯ ಕೊನೆಯ ನಮೂದಿನ ದಿನಕ್ಕೇ ನಿಲ್ಲಿಸಬೇಕು. ಇಲ್ಲವಾದರೆ ಹಿಂದಿನ ಸಾಲಿನ ಮೂರು ದಿನಗಳು ಹೆಚ್ಚಾಗಿ ಸೇರಿ, ತಪ್ಪಿಲ್ಲದ ಶಾಖೆಯು ಪ್ರತಿ ವಾರವೂ ಹಿಂದೆ ಬಿದ್ದಂತೆ ಕಾಣುತ್ತದೆ. ಎಷ್ಟನೇ ತಾರೀಖಿನವರೆಗಿನ ಲೆಕ್ಕ ಎಂಬುದನ್ನು ಪರದೆಯ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡುವುದು ಒಳ್ಳೆಯದು.

ಹೊಸ ಶಾಖೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಕಳೆದ ದೀಪಾವಳಿಗೆ ದೇವದುರ್ಗದಲ್ಲಿ ಶಾಖೆ ತೆರೆದ ಸಂಸ್ಥೆಯ ಒಟ್ಟು ಮಾರಾಟ ಈ ಬೇಸಿಗೆಯಲ್ಲಿ ಏರಿರುವುದು ಸಹಜ. ಹಿಂದಿನ ಸಾಲಿನಲ್ಲೂ ಇದ್ದ ಅಂಗಡಿಗಳನ್ನು ಮಾತ್ರ ಪ್ರತ್ಯೇಕವಾಗಿ ಹೋಲಿಸಿದಾಗಲೇ ಹಳೆಯ ಅಂಗಡಿಯ ಗಿರಾಕಿ ಹೊಸದಕ್ಕೆ ಸರಿದಿದ್ದಾನೆಯೇ ಎಂಬುದು ತಿಳಿಯುತ್ತದೆ. ಕಿರಾಣಿ ವರ್ತಕರಿಗೆ ವಾರದ ಸಂತೆ ಮುಖ್ಯ. ಒಂದೇ ತಾರೀಖಿಗೆ ನಿಲ್ಲಿಸಿದರೂ ಒಂದು ವರ್ಷ ಒಂದು ಸಂತೆ ಹೆಚ್ಚಾಗಿ ಸೇರಿರಬಹುದು. ಅಂಥವರು ಒಂದು ವರ್ಷದ ಬದಲು 364 ದಿನ, ಅಂದರೆ ಸರಿಯಾಗಿ 52 ವಾರ ಹಿಂದಕ್ಕೆ ಹೋಗಿ ಹೋಲಿಸಿದರೆ ವಾರಗಳು ಹೊಂದುತ್ತವೆ. 2024ರ ಫೆಬ್ರವರಿ 29 ಒಂದು ದಿನದ ವ್ಯತ್ಯಾಸ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತಿಳಿದಿದ್ದರೆ ಸಾಕು.

'ಮಾರಾಟ' ಎಂಬ ಶಬ್ದದೊಳಗೆ ಏನಿದೆ

ದಿನಾಂಕಗಳು ಸರಿಹೊಂದಿದ ಮೇಲೂ ಎರಡು ಸಾಲಿನ ಮೊತ್ತಗಳು ಒಂದೇ ಬಗೆಯವೇ ಎಂಬ ಪ್ರಶ್ನೆ ಉಳಿಯುತ್ತದೆ. ತೆರಿಗೆ ಸೇರಿದ ಬಿಲ್ಲಿನ ಮೊತ್ತವನ್ನೇ ಮಾರಾಟವೆಂದು ಹಿಡಿಯುವ ಅಭ್ಯಾಸ ಅನೇಕ ಅಂಗಡಿಗಳಲ್ಲಿದೆ. ತೆರಿಗೆ ದರ ಬದಲಾಗದಿದ್ದಾಗ ಇದರಿಂದ ಹೆಚ್ಚು ಹಾನಿಯಿಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ವ್ಯಾಪಕವಾಗಿ ಬದಲಾದವು. ಸಿಮೆಂಟಿನ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ, ಟ್ರ್ಯಾಕ್ಟರಿನದು ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆರಹಿತ ಬೆಲೆ 300 ರೂಪಾಯಿ ಇರುವ ಸಿಮೆಂಟ್ ಚೀಲದ ಬಿಲ್ಲು ಮೊದಲು 384 ರೂಪಾಯಿ, ನಂತರ 354 ರೂಪಾಯಿ. ಅಷ್ಟೇ ಚೀಲ ಮಾರಿದ ವರ್ತಕನ ಪರದೆಯಲ್ಲಿ ಶೇ. 7.8ರ ಇಳಿಕೆ ಕಾಣುತ್ತದೆ. ಅವನ ವ್ಯಾಪಾರ ಒಂದು ರೂಪಾಯಿಯೂ ತಗ್ಗಿಲ್ಲ. ಆದ್ದರಿಂದ ಹೋಲಿಕೆಗೆ ಯಾವಾಗಲೂ ತೆರಿಗೆರಹಿತ ಮೊತ್ತವನ್ನೇ ಬಳಸತಕ್ಕದ್ದು. ಜಿ.ಎಸ್.ಟಿ. ರಿಟರ್ನಿನಲ್ಲಿ ತೋರಿಸಿದ ಮೊತ್ತಕ್ಕೆ ಅದು ತಾಳೆಯಾಗುತ್ತದೆ ಎಂಬುದು ಇನ್ನೊಂದು ಅನುಕೂಲ. ಬ್ಯಾಂಕಿನವರು ನೋಡುವುದು ಆ ರಿಟರ್ನನ್ನೇ.

ಅಕ್ಕಿ ಗಿರಣಿಯವರ ಪ್ರಸಂಗ ಇನ್ನೂ ಸ್ವಾರಸ್ಯವಾದುದು. 2022ರ ಜುಲೈ 18ರಿಂದ, 25 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಗೆ ಶೇ. 5ರ ತೆರಿಗೆ ಬಂದಿತು. ಪೇಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡದ್ದು ಆಮೇಲೆಯೇ. ಚೀಲಗಳ ಎಣಿಕೆಯಿಂದ ಮಾರಾಟ ಅಳೆಯುವ ಗಿರಣಿಯು ಒಂದು ವರ್ಷ 25 ಕಿಲೋದ 10,400 ಚೀಲ, ಮರುವರ್ಷ 26 ಕಿಲೋದ 10,000 ಚೀಲ ಮಾರಿದ್ದರೆ ಪಟ್ಟಿಯಲ್ಲಿ ಶೇ. 3.8ರ ಇಳಿಕೆ ಕಾಣುತ್ತದೆ. ಎರಡೂ ವರ್ಷ ಹೋಗಿರುವ ಅಕ್ಕಿ 2,600 ಕ್ವಿಂಟಾಲ್ ಮಾತ್ರ. ಭತ್ತದ ಬೆಲೆಯನ್ನು 75 ಕಿಲೋ ಚೀಲಕ್ಕೆ, ಅಕ್ಕಿಯನ್ನು 26 ಕಿಲೋ ಚೀಲಕ್ಕೆ, ತೌಡನ್ನು ಮತ್ತೊಂದು ತೂಕಕ್ಕೆ ಹೇಳುವ ಈ ಭಾಗದಲ್ಲಿ ಎಲ್ಲವನ್ನೂ ಕ್ವಿಂಟಾಲಿಗೆ ತಂದುಕೊಂಡ ನಂತರವೇ ಹೋಲಿಕೆಗೆ ಕೈಹಾಕಬೇಕು.

ಬೆಲೆ ಮತ್ತು ಪ್ರಮಾಣಗಳನ್ನು ಬೇರ್ಪಡಿಸುವುದೂ ಅಷ್ಟೇ ಅಗತ್ಯ. ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2024-25ರಲ್ಲಿ 7,521 ರೂಪಾಯಿ, 2025-26ರಲ್ಲಿ 8,110 ರೂಪಾಯಿ. ಈ ದರಗಳನ್ನೇ ಹಿಡಿದು ನೋಡಿದರೆ, ಮೊದಲ ಹಂಗಾಮಿನಲ್ಲಿ 1,000 ಕ್ವಿಂಟಾಲ್ ಮಾರಿದವರ ವಹಿವಾಟು 75.21 ಲಕ್ಷ, ಮರುಹಂಗಾಮಿನಲ್ಲಿ 930 ಕ್ವಿಂಟಾಲ್ ಮಾತ್ರ ಮಾರಿದರೂ 75.42 ಲಕ್ಷ. ಪರದೆಯಲ್ಲಿ ಹಸಿರು ಬಾಣ, ಗೋದಾಮಿನಲ್ಲಿ 70 ಕ್ವಿಂಟಾಲ್ ಕೊರತೆ. ಹಮಾಲಿ, ಸಾಗಾಣಿಕೆ, ಯಂತ್ರದ ಓಟ ಎಲ್ಲವೂ ತೂಕದ ಮೇಲೆ ನಡೆಯುವ ವ್ಯವಹಾರದಲ್ಲಿ ಇದು ನಿರ್ಲಕ್ಷಿಸುವ ಸಂಗತಿಯಲ್ಲ.

ಇನ್ನು ವಾಪಸಾತಿ. ಬೀಜದ ಸಗಟು ವಿತರಕರ ಮೇ-ಜೂನ್ ಮಾರಾಟದಲ್ಲಿ ಒಂದು ಭಾಗ, ಮಾರಾಟವಾಗದ ಪೊಟ್ಟಣಗಳ ರೂಪದಲ್ಲಿ, ಬಿತ್ತನೆ ಮುಗಿದ ಮೇಲೆ ಹಿಂದಕ್ಕೆ ಬರುತ್ತದೆ. ಜುಲೈನಲ್ಲಿ ಹೋಲಿಕೆ ಮಾಡುವಾಗ ಹಿಂದಿನ ಸಾಲಿನ ಮೊತ್ತದಿಂದ ವಾಪಸಾತಿ ಕಳೆದಿರುತ್ತದೆ, ಪ್ರಸಕ್ತ ಸಾಲಿನದು ಇನ್ನೂ ಬಂದೇ ಇರುವುದಿಲ್ಲ. ಎರಡೂ ಕಡೆ ವಾಪಸಾತಿಗೆ ಮುಂಚಿನ ಮೊತ್ತವನ್ನೇ ಹಿಡಿದು, ವಾಪಸಾತಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುವುದು ಸುರಕ್ಷಿತ. ಒಂದು ಸಾಲಿನ ಮಾರಾಟಕ್ಕೆ ಸಂಬಂಧಿಸಿದ ಕ್ರೆಡಿಟ್ ನೋಟನ್ನು ಮುಂದಿನ ಸಾಲಿನ ನವೆಂಬರ್ 30ರವರೆಗೂ ಜಿ.ಎಸ್.ಟಿ. ರಿಟರ್ನಿನಲ್ಲಿ ತೋರಿಸಲು ಅವಕಾಶವಿರುವುದರಿಂದ, ಹಳೆಯ ವಾಪಸಾತಿಯು ಹೊಸ ಸಾಲಿನ ಮಾರಾಟವನ್ನು ಕಚ್ಚುವುದೂ ಉಂಟು. ರಾಯಚೂರಿನ ವರ್ತಕರು ಗಡಿಯಾಚೆ ತೆಲಂಗಾಣದಲ್ಲೋ ಆಂಧ್ರದಲ್ಲೋ ಇರುವ ತಮ್ಮದೇ ಶಾಖೆಗೆ ಕಳುಹಿಸಿದ ಮಾಲು ಜಿ.ಎಸ್.ಟಿ. ಲೆಕ್ಕದಲ್ಲಿ ತೆರಿಗೆಗೆ ಒಳಪಟ್ಟ ಸರಬರಾಜು. ಆದರೆ ಅದು ಮಾರಾಟವಲ್ಲ. ಅದನ್ನು ಹೊರಗಿಡಬೇಕು.

ಹತ್ತಿಯ ವರ್ಷ ಏಪ್ರಿಲ್‌ನಿಂದ ಆರಂಭವಾಗುವುದಿಲ್ಲ

ಬ್ರಿಟಿಷರ ಕಾಲದಲ್ಲಿ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ಫಸಲಿ ವರ್ಷ ರೂಢಿಯಲ್ಲಿತ್ತು. ಫಸಲಿ ಎಂದರೆ ಬೆಳೆಗೆ ಸಂಬಂಧಿಸಿದ್ದು. ಸಂಸ್ಥಾನದಲ್ಲಿ ಅದು ಅಕ್ಟೋಬರ್ ಆರಂಭದಲ್ಲಿ ಶುರುವಾಗುತ್ತಿತ್ತು. ಆನಂತರವೂ ಬಹುಕಾಲ ದೀಪಾವಳಿಯಿಂದ ದೀಪಾವಳಿಗೆ ಖಾತೆ ಬರೆಯುವ ವರ್ತಕರಿದ್ದರು. ಆದಾಯ ತೆರಿಗೆ ಕಾನೂನೂ ಅದಕ್ಕೆ ಅವಕಾಶ ಕೊಟ್ಟಿತ್ತು. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31ಕ್ಕೆ ಕೊನೆಗೊಳ್ಳುವ ಏಕರೂಪದ ವರ್ಷ ಕಡ್ಡಾಯವಾಯಿತು. ತೆರಿಗೆ ಇಲಾಖೆಗೆ ಇದರಿಂದ ಅನುಕೂಲವಾಯಿತು ನಿಜ. ಆದರೆ ಹತ್ತಿಯ ಗಿಡಕ್ಕೆ ಈ ಆದೇಶ ತಲುಪಿಲ್ಲ.

ದೇವದುರ್ಗದ ಕಪ್ಪು ಭೂಮಿಯ ಹತ್ತಿ, ಮಳೆಯನ್ನೂ ನಾರಾಯಣಪುರ ಬಲದಂಡೆ ಕಾಲುವೆಯನ್ನೂ ನಂಬಿ ಬೆಳೆದು, ಅಕ್ಟೋಬರ್ ನಂತರವೇ ಮಾರುಕಟ್ಟೆಗೆ ಬರತೊಡಗುತ್ತದೆ. ಹತ್ತಿ ವ್ಯಾಪಾರದಲ್ಲಿ ಹಂಗಾಮು ಎಂದರೆ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಹೀಗಾಗಿ ಜಿನ್ನಿಂಗ್ ಗಿರಣಿಯ ಡಿಸೆಂಬರ್ 31ರವರೆಗಿನ ಹಣಕಾಸು ವರ್ಷದ ಲೆಕ್ಕದಲ್ಲಿ ಆರು ತಿಂಗಳು ಹಳೆಯ ಬೆಳೆ, ಮೂರು ತಿಂಗಳು ಹೊಸ ಬೆಳೆ ಬೆರೆತಿರುತ್ತದೆ. ಆ ಬೆರಕೆಯನ್ನು ಹಿಂದಿನ ಸಾಲಿನ ಬೆರಕೆಯೊಡನೆ ಹೋಲಿಸಿದರೆ ಯಾವ ಬೆಳೆಯ ವಿಷಯವೂ ತಿಳಿಯುವುದಿಲ್ಲ. ತೆರಿಗೆಗಾಗಿ ಏಪ್ರಿಲ್‌ನಿಂದ ಒಂದು ಸಾಲು, ವ್ಯಾಪಾರಕ್ಕಾಗಿ ಅಕ್ಟೋಬರ್‌ನಿಂದ ಇನ್ನೊಂದು ಸಾಲು ಡ್ಯಾಷ್‌ಬೋರ್ಡಿನಲ್ಲಿ ಇರಲೇಬೇಕು.

ಇದು ಕೇವಲ ಅಂದಚಂದದ ಮಾತಲ್ಲ. ನಾಯಕ್ ಸಮಿತಿಯ ಶಿಫಾರಸಿನ ಪದ್ಧತಿಯಂತೆ ಸಣ್ಣ ಘಟಕಗಳ ದುಡಿಯುವ ಬಂಡವಾಳದ ಸಾಲದ ಮಿತಿಯನ್ನು ಬ್ಯಾಂಕುಗಳು ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ ಶೇ. 20ರ ಲೆಕ್ಕದಲ್ಲಿ ನಿರ್ಧರಿಸುತ್ತವೆ. ದೇವದುರ್ಗದ ಜಿನ್ನಿಂಗ್ ಗಿರಣಿಯೊಂದು ಅಕ್ಟೋಬರ್ ಮೊದಲ ವಾರದಲ್ಲಿ ಮಿತಿಯ ನವೀಕರಣಕ್ಕೆ ಅರ್ಜಿ ಹಾಕುತ್ತದೆ ಎನ್ನೋಣ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಮಾರಾಟ 1.8 ಕೋಟಿ. ಗುಮಾಸ್ತರು ಆರು ತಿಂಗಳನ್ನು ಎರಡರಿಂದ ಗುಣಿಸಿ ವಾರ್ಷಿಕ ಅಂದಾಜು 3.6 ಕೋಟಿ ಎಂದು ಬರೆಯುತ್ತಾರೆ. ಶೇ. 20 ಎಂದರೆ 72 ಲಕ್ಷ. ನವೆಂಬರ್‌ನಲ್ಲಿ ಆವಕ ಏರಿ, ಗಾಡಿಗಳು ಗಿರಣಿಯ ಮುಂದೆ ನಿಂತಾಗ ರೈತನಿಗೆ ಕೊಡಲು ಹಣವಿಲ್ಲ. ಆಗ ಹೆಚ್ಚಿನ ಬಡ್ಡಿಗೆ ಖಾಸಗಿ ಸಾಲ ತರಬೇಕು, ಅಥವಾ ಮಾಲನ್ನು ಬಿಡಬೇಕು.

ಸರಿಯಾದ ದಾರಿ ಪಾಲಿನ ಲೆಕ್ಕ. ಹಿಂದಿನ ಮೂರು ಸಾಲುಗಳಲ್ಲಿ ಸೆಪ್ಟೆಂಬರ್ 30ರ ಹೊತ್ತಿಗೆ ಆಯಾ ವರ್ಷದ ಒಟ್ಟು ಮಾರಾಟದ ಶೇಕಡಾ ಎಷ್ಟು ಆಗಿತ್ತು ಎಂಬುದನ್ನು ತೆಗೆಯಬೇಕು. ಅದು 18, 20 ಮತ್ತು 22 ಆಗಿದ್ದರೆ ಸರಾಸರಿ 20. ಈ ವರ್ಷದ 1.8 ಕೋಟಿಯನ್ನು 0.20ರಿಂದ ಭಾಗಿಸಿದರೆ ವಾರ್ಷಿಕ ಅಂದಾಜು 9 ಕೋಟಿ, ಶೇ. 20ರ ಲೆಕ್ಕದಲ್ಲಿ ಮಿತಿ 1.8 ಕೋಟಿ. 18 ಮತ್ತು 22ನ್ನು ಹಿಡಿದರೆ ಅಂದಾಜು 10 ಕೋಟಿಯಿಂದ 8.18 ಕೋಟಿಯವರೆಗೆ ಆಡುತ್ತದೆ. ಒಂದೇ ಅಂಕಿಗೆ ಬದಲಾಗಿ ಈ ವ್ಯಾಪ್ತಿಯನ್ನೇ, ಮೂರು ವರ್ಷಗಳ ಜಿ.ಎಸ್.ಟಿ. ರಿಟರ್ನುಗಳೊಡನೆ, ಬ್ಯಾಂಕಿನ ಮುಂದಿಟ್ಟರೆ ಶಾಖಾ ವ್ಯವಸ್ಥಾಪಕರಿಗೂ ತಮ್ಮ ಮೇಲಧಿಕಾರಿಗೆ ಬರೆಯಲು ಆಧಾರ ಸಿಗುತ್ತದೆ. 72 ಲಕ್ಷಕ್ಕೂ 1.8 ಕೋಟಿಗೂ ನಡುವಿನ ಅಂತರ ಕೇವಲ ಒಂದು ಗುಣಾಕಾರದ ತಪ್ಪಿನಿಂದ ಹುಟ್ಟಿದ್ದು.

ತಿರುಗುಮುರುಗಾದ ತಪ್ಪೂ ಸಂಭವಿಸುತ್ತದೆ. ಜನವರಿಯಲ್ಲಿ, ಆವಕದ ಭರದಲ್ಲಿ, ಮೂರು ತಿಂಗಳ ಮಾರಾಟವನ್ನು ನಾಲ್ಕರಿಂದ ಗುಣಿಸಿ ಹೊಸ ಯಂತ್ರಕ್ಕೆ ಸಾಲ ಮಾಡಿದವರಿಗೆ ಜೂನ್ ತಿಂಗಳ ಕಂತು ಭಾರವಾಗುತ್ತದೆ. ಪಾಲಿನ ಲೆಕ್ಕಕ್ಕೂ ಮಿತಿಯುಂಟು. ಬೆಲೆ ಏರೀತೆಂದು ಬೇಲ್‌ಗಳನ್ನು ಹಿಡಿದಿಟ್ಟು ಜುಲೈನಲ್ಲಿ ಮಾರಿದ ವರ್ಷ ಏಪ್ರಿಲ್-ಸೆಪ್ಟೆಂಬರ್ ಮಾರಾಟ ಉಬ್ಬಿರುತ್ತದೆ. ಅದನ್ನು ಹಳೆಯ ಪಾಲಿನಿಂದ ಭಾಗಿಸಿದರೆ ಅಂದಾಜು ಆಕಾಶಕ್ಕೇರುತ್ತದೆ. ಮಾರ್ಚ್ 31ರ ದಾಸ್ತಾನನ್ನು ಮೂರೂ ವರ್ಷಗಳೊಡನೆ ತಾಳೆ ನೋಡಿದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಯಾವ ವರ್ಷದೊಡನೆ ಹೋಲಿಕೆ

ಹಿಂದಿನ ಸಾಲು ಎಂಬ ಒಂದೇ ಕಾರಣಕ್ಕೆ ಅದು ಹೋಲಿಕೆಗೆ ಯೋಗ್ಯವಾದ ಸಾಲಾಗುವುದಿಲ್ಲ. 2021ರ ಏಪ್ರಿಲ್‌ನ್ನು 2020ರ ಏಪ್ರಿಲ್‌ನೊಡನೆ ಹೋಲಿಸಿ ಹಿಗ್ಗಿದವರು ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿಯೊಡನೆ ತಮ್ಮನ್ನು ಹೋಲಿಸಿಕೊಂಡಿದ್ದರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ವರ್ಷ ತುಂಗಭದ್ರಾ ಜಲಾಶಯವೂ ಕೊರತೆ ಕಂಡಿತು. ಆದ್ದರಿಂದ 2024-25ರ ಏರಿಕೆಯನ್ನು 2023-24ರೊಡನೆ ಮಾತ್ರವಲ್ಲದೆ 2022-23ರೊಡನೆಯೂ ನೋಡಬೇಕು. ಆ 2024-25 ಕೂಡ ನಿರಾತಂಕವಾಗಿ ಸಾಗಿದ ವರ್ಷವಲ್ಲ. ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ, ತಾತ್ಕಾಲಿಕ ಗೇಟು ಕೂರಿಸುವವರೆಗೆ ಎಡದಂಡೆಯ ಪೇಟೆಗಳಲ್ಲಿ ಬೆಳೆಯ ಭವಿಷ್ಯವೇ ಅನಿಶ್ಚಿತವಾಗಿತ್ತು. ಗೊಬ್ಬರ ವರ್ತಕರು 2025ರ ಆಗಸ್ಟ್ 20ರ ಮಾರಾಟವನ್ನು ಅಂತಹ ದಿನಗಳ ಮಾರಾಟದೊಡನೆ ಇಟ್ಟು ನೋಡುವಾಗ ಕಾರಣ ತಿಳಿದಿರಬೇಕು.

ಪಾಲಿನ ಲೆಕ್ಕಕ್ಕೆ ಮೂರು ವರ್ಷ ಆಯುವಾಗಲೂ 2020-21, 2023-24ರಂತಹ ಸಾಲುಗಳನ್ನು ಬಿಟ್ಟು, ಅವುಗಳ ಹಿಂದಿನ ಒಂದೊಂದು ಸಾಲನ್ನು ತೆಗೆದುಕೊಳ್ಳಬಹುದು. ಬಿಟ್ಟದ್ದನ್ನು ಮತ್ತು ಬಿಟ್ಟ ಕಾರಣವನ್ನು ಬರೆದಿಡಬೇಕು; ಅನುಕೂಲವಾದ ವರ್ಷಗಳನ್ನು ಮಾತ್ರ ಆಯ್ದರು ಎಂಬ ಆಕ್ಷೇಪಣೆಗೆ ಆಗ ಎಡೆಯಿರುವುದಿಲ್ಲ.

ಹಳೆಯ ಖಾತೆ ವಹಿಗಳಲ್ಲಿ ಪ್ರತಿ ಪುಟದ ಬಲಬದಿಗೆ ಷರಾ ಎಂಬ ಅಂಕಣವಿರುತ್ತಿತ್ತು. ಗಣಕಯಂತ್ರ ಬಂದ ಮೇಲೆ ಅದು ಹೋಯಿತು. ಡ್ಯಾಷ್‌ಬೋರ್ಡಿನ ಹಿಂದಿರುವ ಹಾಳೆಯಲ್ಲಿ ತಿಂಗಳಿಗೊಂದು ಸಾಲಿನ ಷರಾ ಮರಳಿ ಇಡುವುದಕ್ಕೆ ಯಾವ ತಂತ್ರಾಂಶವೂ ಅಡ್ಡಿಯಿಲ್ಲ: ಯುಗಾದಿ ಯಾವ ದಿನ, ರಂಜಾನ್ ಯಾವ ದಿನ, ಎಡದಂಡೆಗೆ ನೀರು ಬಿಟ್ಟದ್ದು ಎಂದು, ಹತ್ತಿಯ ಮೊದಲ ಗಾಡಿ ಬಂದದ್ದು ಎಂದು, ತೆರಿಗೆ ದರ ಬದಲಾದದ್ದು ಯಾವಾಗ, ಅಂಗಡಿ ಎಷ್ಟು ದಿನ ಮುಚ್ಚಿತ್ತು. ಮುಂದಿನ ಏಪ್ರಿಲ್ 30ರ ಸಂಜೆ ಕೆಂಪು ಬಾಣ ಕಂಡಾಗ, ಸೂರತ್ತಿಗೆ ದೂರವಾಣಿ ಮಾಡುವ ಮುನ್ನ ತೆರೆಯಬೇಕಾದ ಹಾಳೆ ಅದು.